ಪೇಗನ್ನರ ಪೂಜೆ ಬರೀ ವೇಷವಲ್ಲ

ಮಾನ್ಯ ಸಂಪಾದಕರೇ,

ಯುರೋಪಿನ ಪೇಗನ್ನರ (ಕ್ರೈಸ್ತ ಧರ್ಮಕ್ಕೂ ಹಿಂದಿನ ದೇವರುಗಳನ್ನು ಪೂಜಿಸುವವರ) ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿ ಬೇಸರವಾಯಿತು. ಹಳೇ ಗ್ರೀಕ್ ದೇವರುಗಳಿಗೆ ಇವತ್ತು ಧೂಪ ಹಾಕಿ ಸ್ತೋತ್ರ ಹೇಳುವವರದ್ದು ಸುಮ್ನೆ ವೇಷ, ಅದರ ಹಿಂದೆ ಯಾವ ತತ್ವವೂ ಇಲ್ಲ ಅಂತ ಬರೆದಿದ್ದಾರೆ. ಇದು ತಪ್ಪು.

ತತ್ವ ಇದೆ, ಅದೂ 1700 ವರ್ಷ ಹಳೆಯದು. ಎಲ್ಲವೂ 'ಒಂದು' ಎಂಬುದರಿಂದ ಹೊಮ್ಮಿದೆ, ಆತ್ಮ ಒಳಮುಖವಾಗಿ ಅಲ್ಲಿಗೇ ಮರಳಬೇಕು ಅಂತ ಮೂರನೇ ಶತಮಾನದ ತತ್ವಜ್ಞಾನಿ ಪ್ಲೊಟೈನಸ್ ಕಲಿಸಿದ. ಅವನ ಶಿಷ್ಯ ಪಾರ್ಫಿರಿಗೆ ಅನುಮಾನ ಹುಟ್ಟಿತು: ದೇವರಿಗೆ ಆಸೆ, ಸಿಟ್ಟು ಏನೂ ಇಲ್ಲ ಅಂದಮೇಲೆ ಬಲಿ, ಧೂಪ, ಮಂತ್ರ ಯಾಕೆ? ನಾವು ಕರೆದ ತಕ್ಷಣ ದೇವರು ಬರಬೇಕಾ? ಇದನ್ನೆಲ್ಲ ಅವನು ಅನೆಬೋ ಎಂಬ ಈಜಿಪ್ಟಿನ ಪೂಜಾರಿಗೆ ಪತ್ರ ಬರೆದು ಕೇಳಿದ. ಉತ್ತರ ಕೊಟ್ಟವನು ಸಿರಿಯಾದ ತತ್ವಜ್ಞಾನಿ ಅಯಾಂಬ್ಲಿಕಸ್, ಅದೂ ಇನ್ನೊಬ್ಬ ಪೂಜಾರಿಯ ಹೆಸರಿನಲ್ಲಿ. ಪೂಜೆ ದೇವರನ್ನು ಕೆಳಗೆ ಎಳೆಯುವುದಿಲ್ಲ, ನಮ್ಮನ್ನು ಮೇಲಕ್ಕೆ ಎತ್ತುತ್ತದೆ ಎಂದ. ಬರೀ ಯೋಚನೆಯಿಂದಲೇ ದೇವರನ್ನು ಸೇರಬಹುದಾಗಿದ್ದರೆ ತತ್ವಜ್ಞಾನಿಗಳೆಲ್ಲ ಯಾವಾಗಲೋ ಸೇರಿರಬೇಕಿತ್ತು, ಅಲ್ವಾ? ಕಲ್ಲು, ಗಿಡ, ಪ್ರಾಣಿಗಳಲ್ಲಿ ದೇವರುಗಳ ಗುರುತುಗಳಿವೆ, ಪೂಜೆ ಅವುಗಳ ಮೂಲಕ ಕೆಲಸ ಮಾಡುತ್ತದೆ. ಇದಕ್ಕೆ ಥಿಯರ್ಜಿ ಎನ್ನುತ್ತಾರೆ. ಮುಂದೆ ಇದೇ ದಾರಿಯ ಅಥೆನ್ಸಿನ ತತ್ವಜ್ಞಾನಿ ಪ್ರೋಕ್ಲಸ್, ಸೂರ್ಯನ ಕಡೆ ತಿರುಗುವ ಹೂವೂ ತನ್ನ ಕೈಲಾದ ಹಾಗೆ ಪ್ರಾರ್ಥನೆ ಮಾಡುತ್ತಿದೆ ಎಂದು ಬರೆದ. ಎಷ್ಟು ಚೆಂದದ ಮಾತು! ಅವನ ಸ್ತೋತ್ರಗಳಲ್ಲಿ ಏಳು ಇಂದಿಗೂ ಉಳಿದಿವೆ.

ಪರಂಪರೆ ಎಲ್ಲೂ ಕಡಿಯದೆ ಬಂತು ಅಂತ ನಾನು ಹೇಳುತ್ತಿಲ್ಲ. 529ರಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಅಥೆನ್ಸಿನಲ್ಲಿ ತತ್ವಶಾಸ್ತ್ರದ ಪಾಠ ನಿಲ್ಲಿಸಿದ, ಅಲ್ಲಿನ ಗುರು ಡಮಾಸ್ಕಿಯಸ್ ಮತ್ತು ಜೊತೆಯವರು ಪರ್ಷಿಯಾಕ್ಕೆ ಹೋಗಬೇಕಾಯಿತು. ಆಮೇಲೆ ಉಳಿದದ್ದು ಪುಸ್ತಕಗಳು. 1492ರಲ್ಲಿ ಇಟಲಿಯ ಫ್ಲಾರೆನ್ಸಿನ ವಿದ್ವಾಂಸ ಫಿಚೀನೋ ಪ್ಲೊಟೈನಸ್‌ನ ಬರಹಗಳನ್ನು ಲ್ಯಾಟಿನ್‌ಗೆ ತಂದ, 1821ರಲ್ಲಿ ಥಾಮಸ್ ಟೇಲರ್ ಅಯಾಂಬ್ಲಿಕಸ್‌ನ ಆ ಉತ್ತರವನ್ನು ಇಂಗ್ಲಿಷಿಗೆ ತಂದ. ವಿಕ್ಕಾ ಎಂಬ ಹೊಸಕಾಲದ ಪೇಗನ್ ಪಂಥ ಕಟ್ಟಿದ ಗಾರ್ಡನರ್ ಕೂಡ 1959ರ ತನ್ನ ಪುಸ್ತಕದಲ್ಲಿ ಪ್ಲೊಟೈನಸ್‌ನ ಪರಂಪರೆಯ ಹಳೇ ಲೇಖಕ ಸಲ್ಲುಸ್ಟಿಯಸ್‌ನ ಮಾತುಗಳನ್ನು ಎತ್ತಿಕೊಂಡ. ಪುಸ್ತಕ ಓದಿ ಮತ್ತೆ ಹಚ್ಚಿದ ದೀಪವೂ ದೀಪವೇ.

ಇನ್ನೊಂದು ಮಾತು. ಇದೆಲ್ಲ ನಮ್ಮ ವೇದಾಂತದಿಂದಲೇ ಹೋಗಿದ್ದು ಅನ್ನುವವರು ಜಾಸ್ತಿ ಇದ್ದಾರೆ. ಭಾರತದ ತತ್ವ ಕಲಿಯುವ ಆಸೆಯಿಂದ ಪ್ಲೊಟೈನಸ್ 243ರಲ್ಲಿ ಪರ್ಷಿಯಾ ಕಡೆ ನಡೆದ ರೋಮಿನ ದೊರೆ ಗೋರ್ಡಿಯನ್‌ನ ಸೈನ್ಯದ ಜೊತೆ ಹೊರಟಿದ್ದು ನಿಜ. ಆದರೆ ದೊರೆ ದಾರಿಯಲ್ಲೇ ಸತ್ತ, ಇವನು ಇಲ್ಲಿಗೆ ಬರಲೇ ಇಲ್ಲ. ಹೋಲಿಕೆ ಕಂಡರೆ ಖುಷಿಪಡೋಣ, ಅವರ ದುಡಿಮೆಯನ್ನು ನಮ್ಮದೆಂದು ಬರೆದುಕೊಳ್ಳುವುದು ಬೇಡ.

ಗ್ರೀಸ್ ಸರ್ಕಾರವೇ 2017ರಲ್ಲಿ ಈ ಹಳೇ ಧರ್ಮಕ್ಕೆ ಮಾನ್ಯತೆ ಕೊಟ್ಟಿದೆ. ಮುಂದಿನ ಸಲ ಬರೆಸುವಾಗ ಪೂಜೆ ಮಾಡುವವರನ್ನೇ ಮಾತಾಡಿಸಿ ಬರೆಸಿ.

– ಒಬ್ಬ ಓದುಗ, ಮೈಸೂರು