ರೇಡಿಯೋ ಕೆಟ್ಟಿಲ್ಲ, ಕೇಂದ್ರ ಬದಲಾಗಿದೆ

ಮಾನ್ಯ ಸಂಪಾದಕರೇ,

ಈಚೆಗೆ ನನ್ನ ಅಂಗಡಿಗೆ ರಿಪೇರಿಗೆಂದು ಬರುವ ರೇಡಿಯೋಗಳಲ್ಲಿ ಹಲವು ಕೆಟ್ಟಿರುವುದೇ ಇಲ್ಲ. ಹಿಂದಿನ ಮುಚ್ಚಳ ತೆಗೆದು ನೋಡುತ್ತೇನೆ. ಸೆಲ್ ಕೂರುವ ಸ್ಪ್ರಿಂಗಿಗೆ ತುಕ್ಕು ಹಿಡಿದಿಲ್ಲ, ಒಳಗಿನ ಆಂಟೆನಾ ಆದ ಫೆರೈಟ್ ರಾಡಿಗೆ ಸುತ್ತಿದ ಕೂದಲೆಳೆಯಂಥ ತಂತಿ ಕಡಿದಿಲ್ಲ, ಬ್ಯಾಂಡ್ ಸ್ವಿಚ್ಚೂ ಸರಿಯಾಗಿದೆ. ಮಧ್ಯಮ ತರಂಗಕ್ಕೆ (ಮೀಡಿಯಂ ವೇವ್) ಹಾಕಿದರೆ ಧ್ವನಿ ಸ್ಪಷ್ಟವಾಗಿಯೇ ಕೇಳುತ್ತದೆ. "ಇದಕ್ಕೆ ಏನೂ ಆಗಿಲ್ಲ" ಎಂದರೆ ತಂದವರು ಒಪ್ಪುವುದಿಲ್ಲ. "ಏನೂ ಆಗಿಲ್ಲದಿದ್ದರೆ ನಮ್ಮ ಸ್ಟೇಷನ್ ಎಲ್ಲಿ ಹೋಯಿತು? ಮುಳ್ಳು ಇದ್ದಲ್ಲೇ ಇದೆ, ಮಾತನಾಡುವವರು ಮಾತ್ರ ಬೇರೆ" ಎನ್ನುತ್ತಾರೆ.

ಅವರು ಹೇಳುವುದು ಸರಿ. ನಮ್ಮ ಭಾಗಕ್ಕೆ ಕೇಳಿಸುವ ಆಕಾಶವಾಣಿಯ ಮಧ್ಯಮ ತರಂಗ ಕೇಂದ್ರವೊಂದರಲ್ಲಿ ಬೆಳಗಿನ ಸ್ಥಳೀಯ ಕಾರ್ಯಕ್ರಮಗಳು ಒಂದೊಂದಾಗಿ ಕಡಿಮೆಯಾಗಿವೆ. ಆ ಹೊತ್ತಿಗೆ ಈಗ ರಾಜಧಾನಿ ಬೆಂಗಳೂರಿನಿಂದ ಸಹಪ್ರಸಾರ, ಅಂದರೆ ಅಲ್ಲಿನ ಕಾರ್ಯಕ್ರಮವನ್ನೇ ಇಲ್ಲಿಯೂ ಬಿಡುವುದು. ಕೋರಿಕೆಯ ಗೀತೆಗಳಲ್ಲಿ ನಮ್ಮ ಹಳ್ಳಿಗಳ ಹೆಸರು ಕೇಳುವುದು ಅಪರೂಪವಾಗಿದೆ. ಯಾವ ಕೇಂದ್ರ ಎಂದು ಬರೆಯುವುದಿಲ್ಲ, ಏಕೆಂದರೆ ಇದು ಅಲ್ಲಿ ದುಡಿಯುವವರ ಮೇಲಿನ ದೂರಲ್ಲ. ನಿವೃತ್ತರಾದವರ ಜಾಗಕ್ಕೆ ಹೊಸಬರು ಬಾರದೆ, ಇದ್ದ ಕೆಲವರೇ ಎಲ್ಲವನ್ನೂ ತೂಗಿಸಿಕೊಂಡು ಹೋಗುವುದು ಎಷ್ಟು ಕಷ್ಟ ಎಂಬುದು ಯಾರಿಗೂ ಅರ್ಥವಾಗುತ್ತದೆ.

ನಾನು ಶಿರಸಿ ತಾಲ್ಲೂಕಿನಲ್ಲಿ ರೇಡಿಯೋ, ಟಾರ್ಚು, ಮಿಕ್ಸರ್ ರಿಪೇರಿ ಮಾಡಿಕೊಂಡಿರುವವನು. ಹಾಗಾಗಿ ರೇಡಿಯೋ ಕೇಳುವವರ ಪರಿಚಯ ನನಗೆ ಅವರ ಸೆಟ್‌ಗಳ ಮೂಲಕ ಆಗುತ್ತದೆ. ಡಯಲಿನ ಗಾಜಿನ ಮೇಲೆ ತಮ್ಮ ಕೇಂದ್ರ ಹತ್ತುವ ಜಾಗಕ್ಕೆ ಉಗುರುಬಣ್ಣದ ಚುಕ್ಕೆ ಇಟ್ಟವರಿದ್ದಾರೆ. ಮೊಮ್ಮಕ್ಕಳು ತಿರುಗಿಸಬಾರದೆಂದು ಟ್ಯೂನಿಂಗ್ ಗುಂಡಿಗೆ ಅಂಟುಪಟ್ಟಿ ಸುತ್ತಿದವರಿದ್ದಾರೆ. ಒಂದು ಸೆಟ್ಟಿನ ವಾಲ್ಯೂಮ್ ಕಂಟ್ರೋಲ್ ಸವೆದು ಗರಗರ ಎನ್ನುತ್ತಿತ್ತು, ಅದರ ಟ್ಯೂನಿಂಗ್ ಗುಂಡಿಯ ಅಂಚಿನ ಗೆರೆಗಳು ಮಾತ್ರ ಅಂಗಡಿಯಿಂದ ತಂದ ದಿನದಷ್ಟೇ ಚೂಪಾಗಿದ್ದವು. ಕಣ್ಣು ಕಾಣದ ಹಿರಿಯರೊಬ್ಬರ ಸೆಟ್ಟಿಗೆ, ಕೇಂದ್ರ ಸಿಗುವ ಕಡೆ ಬೆರಳಿಗೆ ತಾಗುವಂತೆ, ನಾನೇ ಒಂದು ಚುಕ್ಕೆ ಅಂಟು ಹಾಕಿಕೊಟ್ಟಿದ್ದೇನೆ. ಈ ಜನ ಹತ್ತು ಸ್ಟೇಷನ್ ಹುಡುಕುವವರಲ್ಲ. ಒಂದನ್ನೇ ಇಟ್ಟುಕೊಂಡವರು. ಅಂಥ ಕೇಂದ್ರ ಒಂದು ಮಾತೂ ಹೇಳದೆ ತನ್ನ ದಿನಚರಿ ಬದಲಾಯಿಸಿದರೆ, ಅವರು ತಮ್ಮ ರೇಡಿಯೋ ಕೆಟ್ಟಿತು ಎಂದೇ ತಿಳಿಯುತ್ತಾರೆ.

ಸಹಪ್ರಸಾರದಿಂದ ನಷ್ಟವೇನು, ಅದೂ ಕನ್ನಡವೇ ಅಲ್ಲವೇ ಎಂದು ಕೇಳುವವರಿಗೆ ಅಡಿಕೆ ತೋಟದ ಉದಾಹರಣೆ ಕೊಡುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಯಾವಾಗ ಹೊಡೆಯಬೇಕು ಎಂಬುದೇ ಪ್ರಶ್ನೆ. ಮುಂಗಾರು ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಆ ಎರಡನೆಯದಕ್ಕೆ ಮಳೆ ಬಿಡುವು ಕೊಡಬೇಕು. ಕೊನೆಗಾರ ಮರ ಹತ್ತಿ ಹೊಡೆದು ಇಳಿಯುವಷ್ಟರಲ್ಲಿ ಮಳೆ ಸುರಿದರೆ ಔಷಧವೂ ಹೋಯಿತು, ಕೂಲಿಯೂ ಹೋಯಿತು. ನಮ್ಮ ಕೇಂದ್ರದ ಕೃಷಿ ಕಾರ್ಯಕ್ರಮದಲ್ಲಿ ಪಕ್ಕದ ಸೀಮೆಯ ಬೆಳೆಗಾರರೊಬ್ಬರು ಕುಳಿತು, ಈ ವರ್ಷ ಘಟ್ಟದ ಅಂಚಿನಲ್ಲಿ ಹೀಗಾಗಿದೆ, ಒಳಗಿನ ತೋಟಗಳಲ್ಲಿ ಹಾಗಿದೆ ಎಂದು ಮಾತನಾಡಿದರೆ ಅದಕ್ಕೆ ಬೆಲೆ ಇತ್ತು. ರಾಜ್ಯಕ್ಕೆಲ್ಲ ಒಂದೇ ಆಗಿ ಬರುವ ಕಾರ್ಯಕ್ರಮದಲ್ಲಿ ನಾವು "ಮಲೆನಾಡು ಮತ್ತು ಕರಾವಳಿಯಲ್ಲಿ ವ್ಯಾಪಕ ಮಳೆ" ಎಂಬ ಒಂದು ಸಾಲು. ಅದೇ ಸಮಯದಲ್ಲಿ ಬಯಲುಸೀಮೆಯ ರೈತ ರಾಗಿ ಬಿತ್ತಲು ಮುಗಿಲು ನೋಡುತ್ತಿರುತ್ತಾನೆ. ಇಬ್ಬರಿಗೂ ಒಂದೇ ಅರ್ಧ ಗಂಟೆಯಲ್ಲಿ ಉಪಯೋಗಕ್ಕೆ ಬರುವ ಮಾತು ಹೇಳಲು ಎಂಥ ಜಾಣ ಉದ್ಘೋಷಕರಿಂದಲೂ ಆಗದು.

ಕರ್ನಾಟಕದಲ್ಲಿ ರೇಡಿಯೋ ಹುಟ್ಟಿದ್ದೇ ಸ್ಥಳೀಯವಾಗಿ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. ಆ ಕೇಂದ್ರದ 'ಆಕಾಶವಾಣಿ' ಎಂಬ ಹೆಸರನ್ನು ದೇಶದ ರೇಡಿಯೋ ಆಮೇಲೆ ತನ್ನದಾಗಿಸಿಕೊಂಡಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, ಅರವತ್ತರ ದಶಕದಲ್ಲಿ ಭದ್ರಾವತಿ ಮತ್ತು ಕಲಬುರಗಿ, 1976ರಲ್ಲಿ ಮಂಗಳೂರು. ಹೀಗೆ ಒಂದೊಂದು ಸೀಮೆಗೆ ಒಂದೊಂದು ಕೇಂದ್ರ ಬಂದಿತು. ಬೆಂಗಳೂರಿನಿಂದಲೇ ಎಲ್ಲವನ್ನೂ ಬಿತ್ತರಿಸಿದ್ದರೆ ಸಾಕಿತ್ತು ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ಧಾರವಾಡ ಕೇಂದ್ರಕ್ಕೆ ಬೇಂದ್ರೆಯವರು ಸಾಹಿತ್ಯ ಸಲಹೆಗಾರರಾಗಿದ್ದರು, ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ಬೇಂದ್ರೆಯವರ ಮನೆಯಿದ್ದ ಸಾಧನಕೇರಿಯಿಂದ ಕೇಂದ್ರಕ್ಕೆ ಹೋಗಿಬರುವಷ್ಟು ಹತ್ತಿರದಲ್ಲಿ ಅಂಥವರಿದ್ದರು, ಕೇಂದ್ರವೂ ಅವರನ್ನು ಕರೆಯುವಷ್ಟು ಹತ್ತಿರದ್ದಾಗಿತ್ತು. ಮಂಗಳೂರಿನಿಂದ ತುಳು, ಕೊಂಕಣಿ ಕಾರ್ಯಕ್ರಮ, ಯಕ್ಷಗಾನ ತಾಳಮದ್ದಲೆ. ಮಡಿಕೇರಿಯಿಂದ ಕೊಡವ ಭಾಷೆ. ಇವನ್ನೆಲ್ಲ ಒಂದೇ ಸ್ಟುಡಿಯೋದಿಂದ ಕೊಡಲು ಬರುವುದಿಲ್ಲ.

ಇದು ಕೇಳುಗರ ಹಂಬಲ ಮಾತ್ರವೂ ಅಲ್ಲ. ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿಯನ್ನು ಹುಟ್ಟುಹಾಕಿದ 1990ರ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಸಂಸ್ಥೆಯ ಕರ್ತವ್ಯಗಳನ್ನು ಹೇಳಿದೆ. ಕೃಷಿ, ಗ್ರಾಮೀಣಾಭಿವೃದ್ಧಿ, ಆರೋಗ್ಯ ಮೊದಲಾದವಕ್ಕೆ ವಿಶೇಷ ಗಮನ ಕೊಡಬೇಕು, ದೇಶದ ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿ, ಭಾಷೆಗಳಿಗೆ ಸಾಕಷ್ಟು ಜಾಗ ಕೊಡಬೇಕು ಎಂಬುದು ಅದರಲ್ಲಿದೆ. ಖಾಸಗಿ ಎಫ್‌ಎಂಗಳಿಗೆ ಈ ಹೊಣೆ ಇಲ್ಲ. ಸ್ವಂತ ಸುದ್ದಿ ಓದುವ ಅನುಮತಿಯೂ ಅವಕ್ಕಿಲ್ಲ, ಆಕಾಶವಾಣಿಯ ವಾರ್ತೆಗಳನ್ನೇ ಅವು ಮರುಪ್ರಸಾರ ಮಾಡಬಹುದು. ಅಂದಮೇಲೆ ಜಿಲ್ಲೆಯ ಸುದ್ದಿಯನ್ನು ರೇಡಿಯೋದಲ್ಲಿ ಹೇಳಲು ಆಕಾಶವಾಣಿಯನ್ನು ಬಿಟ್ಟರೆ ನಮಗೆ ಇನ್ನಾರಿದ್ದಾರೆ?

ಎಫ್‌ಎಂ ಬಂದಿದೆಯಲ್ಲ ಎನ್ನುತ್ತಾರೆ. ಬರಲಿ, ಸಂತೋಷ. ಅದರ ಧ್ವನಿ ಚೆನ್ನ, ಸಂಗೀತಕ್ಕೆ ಅದೇ ಸರಿ. 2023ರ ಏಪ್ರಿಲ್ 28ರಂದು ದೇಶದಲ್ಲಿ ಒಂದೇ ದಿನ 91 ಎಫ್‌ಎಂ ಟ್ರಾನ್ಸ್‌ಮಿಟರ್‌ಗಳು ಉದ್ಘಾಟನೆಯಾದವು. ಅವು ತಲಾ 100 ವ್ಯಾಟಿನವು. ಅಷ್ಟು ಶಕ್ತಿಯ ಎಫ್‌ಎಂ ಬಯಲಿನಲ್ಲಿ ಹದಿನೈದು ಕಿಲೋಮೀಟರ್ ಆಸುಪಾಸು ಮುಟ್ಟೀತು. ನಮ್ಮಲ್ಲಿ ಮುಂದೆ ಒಂದು ಗುಡ್ಡ ಅಡ್ಡ ಬಂದರೆ ಅಲ್ಲಿಗೆ ನಿಂತಿತು. ಕಾರಣ ಸರಳ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್, ಅದು ಹೆಚ್ಚುಕಡಿಮೆ ನೇರ ಹೋಗುತ್ತದೆ. ಮಧ್ಯಮ ತರಂಗದಲ್ಲಿ ಧಾರವಾಡದ 765 ಕಿಲೋಹರ್ಟ್ಸ್ ಅಲೆಯ ಉದ್ದ 390 ಮೀಟರಿಗೂ ಮಿಗಿಲು. ಅದು ನೆಲವನ್ನು ಹಿಡಿದು, ಗುಡ್ಡ ಬಳಸಿ, ಕಣಿವೆಗೂ ಇಳಿಯುತ್ತದೆ. ನನ್ನ ಅಂಗಡಿಯಲ್ಲಿ ಎಫ್‌ಎಂ ಚೆನ್ನಾಗಿ ಹಿಡಿದ ಸೆಟ್ಟನ್ನು ಗಿರಾಕಿ ಮನೆಗೆ ಒಯ್ದು, ಅಲ್ಲಿ ಬರೀ ಸುಯ್ ಎನ್ನುತ್ತದೆ ಎಂದು ಮರುದಿನ ವಾಪಸು ತರುವುದು ಮಾಮೂಲು.

ಮಧ್ಯಮ ತರಂಗದ ಕುಂದುಗಳನ್ನೂ ಮುಚ್ಚಿಡುವುದಿಲ್ಲ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು ಹತ್ತಿರವಿದ್ದರೆ ಅದರಲ್ಲಿ ಬುರಬುರ ಸದ್ದು ಸೇರಿಕೊಳ್ಳುತ್ತದೆ. ಎಷ್ಟೋ ಮನೆಗಳವರಿಗೆ, ಬಲ್ಬು ಆರಿಸಿ, ಸೆಟ್ಟನ್ನು ಸ್ವಲ್ಪ ಅಡ್ಡ ತಿರುಗಿಸಿ ನೋಡಿ ಎಂದು ಹೇಳಿದರೆ ಸಾಕಾಗುತ್ತದೆ. ಟ್ರಾನ್ಸ್‌ಮಿಟರಿಗೆ ತಗಲುವ ವಿದ್ಯುತ್ತು ಹೆಚ್ಚು, ಕಂಬಕ್ಕೆ ಬೇಕಾದ ಜಾಗ ಹೆಚ್ಚು, ಹಳೆಯ ಯಂತ್ರಗಳ ಬಿಡಿಭಾಗ ಸಿಗುವುದು ಕಷ್ಟ. ಕೇಳುವವರಲ್ಲಿ ವಯಸ್ಸಾದವರೇ ಹೆಚ್ಚು ಎಂಬುದೂ ಸುಳ್ಳಲ್ಲ. ಮೊಬೈಲಿನ ಆ್ಯಪಿನಲ್ಲಿ ಎಲ್ಲ ಕೇಂದ್ರಗಳೂ ಸಿಗುತ್ತವೆ, ನನ್ನ ಮಗ ಅದರಲ್ಲೇ ಕೇಳುತ್ತಾನೆ. ಆದರೆ 2019ರ ಆಗಸ್ಟಿನ ನೆರೆಯನ್ನು ನಮ್ಮ ಜಿಲ್ಲೆಯವರು ಮರೆತಿಲ್ಲ. ಕರೆಂಟು ಹೋಗಿ ಮೊಬೈಲ್ ಗೋಪುರದ ಬ್ಯಾಟರಿ ಮುಗಿದ ಮೇಲೆ ಆ್ಯಪಿನಲ್ಲಿ ಏನು ಬರುತ್ತದೆ? ಎರಡು ಸೆಲ್ ಹಾಕಿದ ಸೆಟ್ಟು ಆಗಲೂ ಮಾತನಾಡುತ್ತದೆ. ಅಮೆರಿಕದಂಥ ದೇಶದಲ್ಲೂ, ಹೊಸ ಕಾರುಗಳಿಂದ ಎಎಂ (ಮಧ್ಯಮ ತರಂಗದ) ರೇಡಿಯೋ ತೆಗೆಯಬಾರದೆಂದು 2023ರಲ್ಲಿ ಮಸೂದೆ ಮಂಡಿಸಿದ್ದು ಇದೇ ಕಾರಣಕ್ಕೆ: ಆಪತ್ತಿನ ಹೊತ್ತಿಗೆ ದೂರದವರೆಗೆ ಕೇಳಿಸುವುದು ಅದು. ನೆರೆಯ ಹೊತ್ತಿಗೆ ಯಾವ ಸೇತುವೆ ಮುಳುಗಿದೆ, ಯಾವ ದಾರಿಯಲ್ಲಿ ಬಸ್ ಇಲ್ಲ ಎಂದು ಹೇಳಬೇಕಾದವರು ಈ ಸೀಮೆಯಲ್ಲೇ ಕುಳಿತಿರಬೇಕು. ಆ ದಿನ ಟ್ರಾನ್ಸ್‌ಮಿಟರ್ ಮಾತ್ರ ಇದ್ದು ಸ್ಟುಡಿಯೋದಲ್ಲಿ ಯಾರೂ ಇಲ್ಲವೆಂದರೆ ಇದ್ದೂ ಇಲ್ಲದಂತೆ.

ಆದ್ದರಿಂದ ಆಕಾಶವಾಣಿಯ ಮೇಲಿನವರಲ್ಲಿ, ಹಾಗೆಯೇ ಈ ವಿಷಯವನ್ನು ದೆಹಲಿಯಲ್ಲಿ ಎತ್ತಬೇಕಾದ ನಮ್ಮ ಸಂಸದರಲ್ಲಿ ನನ್ನ ವಿನಂತಿ ಇಷ್ಟು. ನಡುಹಗಲಿನಲ್ಲಿ, ರಾತ್ರಿಯಲ್ಲಿ ಸಹಪ್ರಸಾರ ಮಾಡಿಕೊಳ್ಳಿ, ಖರ್ಚು ಉಳಿಯುವುದಾದರೆ ಉಳಿಯಲಿ. ಬೆಳಗಿನ ಎರಡು ಗಂಟೆ, ಸಂಜೆಯ ಎರಡು ಗಂಟೆ ಮಾತ್ರ ಆಯಾ ಕೇಂದ್ರದ್ದೇ ಆಗಿರಲಿ: ಅಲ್ಲಿನ ಕೃಷಿ, ಅಲ್ಲಿನ ಪೇಟೆ ಧಾರಣೆ, ಅಲ್ಲಿನ ಹಾಡುಗಾರರು. ಪ್ರಾಸಂಗಿಕ (ಕಾಯಂ ಅಲ್ಲದೆ ಬೇಕಾದಾಗ ಕರೆಸಿಕೊಳ್ಳುವ) ಉದ್ಘೋಷಕರನ್ನು ಸುತ್ತಲಿನ ತಾಲ್ಲೂಕುಗಳಿಂದ ಆರಿಸಿ, ನಿಯಮದಂತೆ ಸಂಭಾವನೆ ಕೊಟ್ಟು ಉಳಿಸಿಕೊಳ್ಳಿ. ಕನ್ನಡ ಓದಿದ, ಧ್ವನಿ ಚೆನ್ನಾಗಿರುವ ಹುಡುಗ ಹುಡುಗಿಯರಿಗೆ ಇಲ್ಲಿ ಬರವಿಲ್ಲ. ಯಾವುದೇ ಮಧ್ಯಮ ತರಂಗ ಪ್ರಸಾರವನ್ನು ನಿಲ್ಲಿಸುವ ಮೊದಲು, ಅದರ ಬದಲಿಗೆಂದು ಹೇಳುವ ಎಫ್‌ಎಂ ಎಲ್ಲೆಲ್ಲಿ ಕೇಳಿಸುತ್ತದೆ ಎಂಬುದನ್ನು ನಕ್ಷೆ ಮೇಲಲ್ಲ, ಕಣಿವೆಗಳಲ್ಲಿ ಸೆಟ್ಟು ಹಿಡಿದು ನೋಡಿ. ಮಳೆಗಾಲದಲ್ಲಿ ನೋಡಿ. ಬೇಕಾದರೆ ನಾನು ಜೊತೆಗೆ ಬರುತ್ತೇನೆ, ದಾರಿ ಗೊತ್ತಿದೆ.

ಇನ್ನು, ಕಾರ್ಯಕ್ರಮವೊಂದನ್ನು ತೆಗೆಯುವುದೇ ಆದರೆ ಅಥವಾ ಅದರ ಹೊತ್ತು ಬದಲಾಯಿಸುವುದಾದರೆ, ಒಂದು ತಿಂಗಳ ಮೊದಲಿನಿಂದ ಅದೇ ಕಾರ್ಯಕ್ರಮದ ಕೊನೆಯಲ್ಲಿ ದಿನವೂ ಹೇಳಿ, ಪತ್ರ ಬರೆಯಲು ವಿಳಾಸ ಕೊಡಿ. ಬಂದ ಪತ್ರಗಳನ್ನು ಪ್ರಸಾರದಲ್ಲಿ ಓದಿ, ನಿರ್ಧಾರ ಆಮೇಲೆ ಮಾಡಿ. ಇದಕ್ಕೆ ಹಣವೂ ಬೇಡ, ಹೊಸ ಯಂತ್ರವೂ ಬೇಡ, ಬರುವ ತಿಂಗಳಿನಿಂದಲೇ ಆರಂಭಿಸಬಹುದು.

ಇತಿ,
ಒಬ್ಬ ರೇಡಿಯೋ ರಿಪೇರಿಗಾರ
ಶಿರಸಿ ತಾಲ್ಲೂಕು, ಉತ್ತರ ಕನ್ನಡ