ಶೇಕಡಾ ಯಾವುದರ ಮೇಲೆ? – ಮಗಳಿಗೊಂದು ಪತ್ರ

ಪುಟ್ಟೀ,

ನಿನ್ನ ಲೆಕ್ಕದ ಪುಸ್ತಕ ನೋಡಿದೆ. ಕೂಡುವುದು, ಭಾಗಿಸುವುದು ಎಲ್ಲ ಸರಿ ಇದೆ. ಎಡವಿರುವುದು ಮೊದಲ ಸಾಲಲ್ಲೇ.

ಸೀರೆಯ ಲೆಕ್ಕ ತಗೋ. ₹800ಕ್ಕೆ ಕೊಂಡದ್ದು, 25% ಏರಿಸಿ ಚೀಟಿ ಅಂಟಿಸಿ, ಆಮೇಲೆ 20% ರಿಯಾಯಿತಿ. ನೀನು 25ರಲ್ಲಿ 20 ಕಳೆದು 5% ಲಾಭ ಅಂದಿದ್ದೀಯ. ಆದರೆ 25% ಹಾಕಿದ್ದು 800ರ ಮೇಲೆ, ಅಂದರೆ 200, ಚೀಟಿಯಲ್ಲಿ 1000. ರಿಯಾಯಿತಿ ಬಿಟ್ಟಿದ್ದು ಈ 1000ದ ಮೇಲೆ, ಅದೂ 200. ಸೀರೆ ಹೋದದ್ದು 800ಕ್ಕೇ. ಲಾಭ ಸೊನ್ನೆ! ಶೇಕಡಾ ಕಂಡಲ್ಲೆಲ್ಲ ಪಕ್ಕದಲ್ಲಿ ಪೆನ್ಸಿಲಿನಿಂದ ‘ಯಾವುದರ ಮೇಲೆ?’ ಅಂತ ಬರೆದುಕೋ. ಪ್ರಶ್ನೆಯಲ್ಲಿ ಬೇರೇನೂ ಹೇಳದಿದ್ದರೆ ಲಾಭ-ನಷ್ಟ ಕೊಂಡ ಬೆಲೆಯ ಮೇಲೆ, ರಿಯಾಯಿತಿ ಚೀಟಿಯ ಬೆಲೆಯ ಮೇಲೆ.

ಸರಾಸರಿ ವೇಗದಲ್ಲೂ ಇದೇ ಎಡವಟ್ಟು. ಮೈಸೂರಿನಿಂದ ಮಂಡ್ಯಕ್ಕೆ 45 ಕಿ.ಮೀ. ಅಂತಿಟ್ಟುಕೋ. ಹೋಗುವಾಗ ಗಂಟೆಗೆ 45, ಬರುವಾಗ 30. ಎರಡನ್ನೂ ಕೂಡಿ ಅರ್ಧ ಮಾಡಿದರೆ 37.5 ಬರುತ್ತೆ, ಅದು ತಪ್ಪು. ಹೋಗಲು 1 ಗಂಟೆ, ಬರಲು 1.5 ಗಂಟೆ; ನಿಧಾನದ ಓಟಕ್ಕೇ ಹೆಚ್ಚು ಹೊತ್ತು ಹಿಡಿದಿದೆ. ಒಟ್ಟು 90 ಕಿ.ಮೀ.ಯನ್ನು 2.5 ಗಂಟೆಯಿಂದ ಭಾಗಿಸು: 36.

ರೈಲಿನ ಲೆಕ್ಕದಲ್ಲಿ ನೀನು ಮರೆತಿದ್ದು ಪ್ಲಾಟ್‌ಫಾರ್ಮನ್ನು. 180 ಮೀಟರ್ ರೈಲು 120 ಮೀಟರ್ ಪ್ಲಾಟ್‌ಫಾರ್ಮ್ ದಾಟಬೇಕಾದರೆ ಕೊನೆಯ ಡಬ್ಬಿಯೂ ಆಚೆ ಹೋಗಬೇಕಲ್ಲ, ಹಾಗಾಗಿ ದೂರ 300. ವೇಗ ಗಂಟೆಗೆ 54 ಕಿ.ಮೀ.; 5/18ರಿಂದ ಗುಣಿಸಿದರೆ ಸೆಕೆಂಡಿಗೆ 15 ಮೀಟರ್. (5/18 ಬಾಯಿಪಾಠ ಬೇಡ, 1000ವನ್ನು 3600ರಿಂದ ಭಾಗಿಸಿದರೆ ಅದೇ ಬರುತ್ತೆ.) ಉತ್ತರ 20 ಸೆಕೆಂಡು.

ಇನ್ನು ಕೆಲಸ-ಕಾಲ. ಒಂದೇ ಕೆಲಸ ಮುಗಿಸಲು ಒಬ್ಬಳಿಗೆ 12 ದಿನ, ಇನ್ನೊಬ್ಬಳಿಗೆ 6 ದಿನ. ಇಬ್ಬರೂ ಸೇರಿದರೆ 9 ದಿನ ಅಂತೆ! ಒಬ್ಬಳೇ 6 ದಿನದಲ್ಲಿ ಮುಗಿಸುವ ಕೆಲಸ, ಜೊತೆ ಸಿಕ್ಕ ಮೇಲೆ 9 ದಿನ ಎಳೆಯುತ್ತದೆಯೇ? ದಿನಗಳನ್ನು ಕೂಡಬಾರದು, ದಿನದ ಕೆಲಸವನ್ನು ಕೂಡಬೇಕು. ಭಿನ್ನರಾಶಿ ಬೇಸರವಾದರೆ 12, 6ರ ಲ.ಸಾ.ಅ. (ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 12 ತೆಗೆದು, ನೇಯಬೇಕಾದ ಚಾಪೆ 12 ಅಂದುಕೋ. ಮೊದಲನೆಯವಳು ದಿನಕ್ಕೆ 1, ಎರಡನೆಯವಳು 2, ಸೇರಿ 3. ನಾಲ್ಕೇ ದಿನ.

x² = 5x ಇದ್ದಾಗ ಎರಡೂ ಕಡೆ x ಹೊಡೆದುಹಾಕಬೇಡ; 0 ಅನ್ನುವ ಮೂಲ (x-ನ ಒಂದು ಉತ್ತರ) ಕೈತಪ್ಪುತ್ತೆ. x(x – 5) = 0 ಅಂತ ಬರೆ.

ಇದೊಂದು ನೀನೇ ಮಾಡು. ನಲ್ಲಿ ಬಿಟ್ಟರೆ ತೊಟ್ಟಿ 4 ಗಂಟೆಯಲ್ಲಿ ತುಂಬುತ್ತದೆ. ತುಂಬಿದ ತೊಟ್ಟಿ ಸೋರಿ ಖಾಲಿಯಾಗಲು 6 ಗಂಟೆ. ಸೋರುತ್ತಿರುವಾಗಲೇ ನಲ್ಲಿ ಬಿಟ್ಟರೆ ತುಂಬಲು ಎಷ್ಟು ಹೊತ್ತು? 12 ಗಂಟೆ ಬರಬೇಕು. 2.4 ಬಂತೋ, ಸೋರುವ ನೀರನ್ನೂ ತೊಟ್ಟಿಗೇ ಸುರಿದಿದ್ದೀಯ.

– ಅಪ್ಪ