ರೂಪ ಬದಲಿಸುವ ಆಂಟೆನಾ ಆಮೇಲೆ, ಮೊದಲು ಟವರಿಗೆ ಬ್ಯಾಟರಿ ಹಾಕಿ

ಮಾನ್ಯರೇ,

ಮುಂದಿನ ತಲೆಮಾರಿನ ಮೊಬೈಲ್ ಜಾಲವಾದ 6ಜಿಗೆ ತನ್ನಷ್ಟಕ್ಕೆ ರೂಪ ಬದಲಿಸುವ ಆಂಟೆನಾ ಬರುತ್ತದೆಂಬ ನಿಮ್ಮ ನಿನ್ನೆಯ ವರದಿಯನ್ನು ಪೇಪರಿನಲ್ಲೇ ಓದಿದೆ. ಮೊಬೈಲಿನಲ್ಲಿ ಓದುವ ಭಾಗ್ಯ ಎಲ್ಲಿ? ಮೊನ್ನೆ ರಾತ್ರಿ ಗಾಳಿಮಳೆಗೆ ಕರೆಂಟು ಹೋದದ್ದೇ ತಡ, ನಮ್ಮ ಟವರೂ ಮಲಗಿತು. ಹೆಂಡತಿಗೆ ಉಬ್ಬಸ ಜೋರಾಗಿ, ರಿಕ್ಷಾದವರಿಗೆ ಫೋನ್ ಮಾಡಲು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಹಟ್ಟಿಯ ಹಿಂದಿನ ಗುಡ್ಡೆ ಹತ್ತಿದೆ. ಒಂದು ಕಡ್ಡಿ ಬಂತು, ರಿಂಗ್ ಆಗುವಷ್ಟರಲ್ಲಿ ಹೋಯಿತು. ಕಡೆಗೆ ಅವರ ಮನೆಗೆ ನಡೆದೇ ಹೋಗಿ ಬಾಗಿಲು ಬಡಿದದ್ದು. ಗ್ಯಾಸಿನ ಒಟಿಪಿಯೋ, ಗ್ಯಾಸ್ ಗಾಡಿ ಹೋದ ಮೇಲೆ ಬಂತು. ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಮಿಷನ್ ಕಥೆಯೂ ಅದೇ.

ನಾನು ಟಿವಿ, ರೇಡಿಯೋ ರಿಪೇರಿ ಮಾಡಿ ಬದುಕಿದವ. ಹಂಚಿನ ಮಾಡು ಹತ್ತಿ ಯಾಗಿ ಆಂಟೆನಾ ತಿರುಗಿಸುತ್ತಾ "ಈಗ ಬಂತಾ?" ಎಂದು ಕೂಗುತ್ತಿದ್ದ ಕಾಲದವ. ಆ ಕೆಲಸವನ್ನು ಈಗ ಆಂಟೆನಾದಲ್ಲೇ ಕೂರಿಸಿದ ಪುಟ್ಟ ಬಿಡಿಭಾಗಗಳಾದ ಪಿನ್ ಡಯೋಡ್, ವರಾಕ್ಟರ್‌ಗಳು ಮಾಡುತ್ತವೆ. ಡಯೋಡ್ ಆನ್-ಆಫ್ ಆದ ಹಾಗೆ ತಗಡಿನಲ್ಲಿ ಕರೆಂಟು ಹರಿಯುವ ದಾರಿ ಬದಲಾಗಿ, ಒಂದೇ ಆಂಟೆನಾ ಬೇರೆ ಬೇರೆ ಫ್ರೀಕ್ವೆನ್ಸಿಗೆ, ಬೇರೆ ಬೇರೆ ದಿಕ್ಕಿಗೆ ಹೊಂದಿಕೊಳ್ಳುತ್ತದೆ. ಒಳ್ಳೆಯದೇ. ಆದರೆ ಡಯೋಡ್ ಆನ್ ಆಗಿರಲಿಕ್ಕೂ ಕರೆಂಟು ಬೇಕಲ್ಲ ಸ್ವಾಮಿ! ಮೇಲಾಗಿ ಪ್ರತಿ ಡಯೋಡೂ ಸಿಗ್ನಲಿನಲ್ಲಿ ತನ್ನ ಪಾಲು ನುಂಗುತ್ತದೆ. ವರದಿಯಲ್ಲಿ ಇದರ ಸುದ್ದಿಯೇ ಇಲ್ಲ. 26 ಗಿಗಾಹರ್ಟ್ಸ್‌ನಂಥ ಅತಿ ಹೆಚ್ಚು ಫ್ರೀಕ್ವೆನ್ಸಿಯ ಅಲೆಗೆ ಜೋರು ಮಳೆಯೂ ಅಡ್ಡ, ಮರದ ಎಲೆಯೂ ಅಡ್ಡ. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಹಿರಿಯಡ್ಕದಲ್ಲಿ ಇವೆರಡು ಬಿಟ್ಟು ಬೇರೇನಿದೆ? ಎಸಿ ಸಭಾಂಗಣದಲ್ಲಿ ಈ ಆಂಟೆನಾದ ಸ್ಲೈಡ್ ತೋರಿಸಿದವರು ಒಮ್ಮೆ ಇಲ್ಲಿ ಬಂದು ಅಳೆಯಲಿ. ಮೊನ್ನೆ ಟವರ್ ಮಲಗಿದ್ದನ್ನು ಮಾತ್ರ ಮಳೆಯ ತಲೆಗೆ ಕಟ್ಟುವ ಹಾಗಿಲ್ಲ. 4ಜಿ ಅಲೆಗೆ ಮಳೆ ಲೆಕ್ಕಕ್ಕಿಲ್ಲ. ಸತ್ತದ್ದು ಟವರಿನ ಬ್ಯಾಟರಿ.

ಕಂಪನಿಗೆ ಹೇಳಿದರೆ "ಟವರ್ ನಮ್ಮದಲ್ಲ, ಬಾಡಿಗೆಯದ್ದು" ಎನ್ನುತ್ತಾರೆ. ಜನಸಂಪರ್ಕ ಸಭೆಯಲ್ಲಿ ಅಧಿಕಾರಿಗಳು ದೂರನ್ನು ಬಹಳ ಚಂದ ಮಾಡಿ ಬರೆದುಕೊಂಡರು, ಅಕ್ಷರ ದುಂಡಗಿತ್ತು. ಅಷ್ಟೇ. ಕೇಬಲಿಗೆಂದು ರಸ್ತೆ ಬದಿ ಅಗೆದವರು ಗುಂಡಿ ಮುಚ್ಚದೆ ಹೋದದ್ದನ್ನೂ ಅದೇ ಪುಸ್ತಕದಲ್ಲಿ ಬರೆದಿದ್ದರು. ಉಡುಪಿಯ ಇಂದ್ರಾಳಿ ರೈಲ್ವೆ ಮೇಲ್ಸೇತುವೆಗೆ ವರ್ಷಗಟ್ಟಲೆ ಕಾದ ಜನ, ಇದಕ್ಕೂ ಕಾಯುತ್ತಾರೆ ಎಂದುಕೊಂಡಿರಬೇಕು.

ಕೂಡಲೇ ಬ್ಯಾಟರಿ ಬದಲಿಸಲಿ, ಇಲ್ಲವೇ ಜನರೇಟರಿಗೆ ಡೀಸೆಲ್ ಹಾಕಲಿ. ಎರಡೂ ಆಗದಿದ್ದರೆ ರೀಚಾರ್ಜಿನ ದುಡ್ಡು ವಾಪಸ್ ಕೊಡಲಿ. ಅದೂ ಆಗದವರಿಗೆ 6ಜಿ ಮಾತಾಡಲು ನಾಚಿಕೆಯಾದರೂ ಬೇಡವೇ?

– ನೊಂದ ಗ್ರಾಹಕ, ಹಿರಿಯಡ್ಕ